ಕಿತ್ತಳೆ ಮೇಜಿನ ಹಂಗಾಮಿ ಕೋಚ್

ಬ್ರಿಸ್ಬೇನ್
12 ಜೂನ್ 1983

ಚಿ. ವೇಣುಗೆ,

ಆಶೀರ್ವಾದ ಇದ್ದದ್ದೇ, ಅದನ್ನು ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಸುದ್ದಿ ಕೇಳು. ನಿನ್ನ ಅಮ್ಮ ಕೋಚ್ ಆಗಿದ್ದಾಳೆ.

ನಗಬೇಡ. ಅಡುಗೆ ಕ್ಲಾಸಿಗಲ್ಲ. ನೀನು ಏಳು ವರ್ಷ ಆಡಿದ ವಾಟಲ್ ಕ್ರೀಕ್ ಕ್ಲಬ್ಬಿನ ಫುಟ್ಬಾಲ್ ತಂಡಕ್ಕೆ. ಪೂರ್ತಿ ತಂಡಕ್ಕಲ್ಲ, ಮುಂದಿನ ಸಾಲಿನಲ್ಲಿ ನಿಂತು ಗೋಲು ಹೊಡೆಯಬೇಕಾದ ನಾಲ್ವರು ಗಂಡಸರಿಗೆ. ಅವರಿಗೆ ಕಲಿಸುತ್ತಿದ್ದ ಮುದುಕ ಡೆನ್ನಿಸ್ ಸೊಂಟದ ಆಪರೇಷನ್ ಆಗಿ ಮಗಳ ಮನೆಗೆ ಡಾರ್ವಿನ್‌ಗೆ ಹೋಗಿಬಿಟ್ಟ. ಎಂಟು ಪಂದ್ಯದಲ್ಲಿ ಮೂರೇ ಗೋಲು. ನಮ್ಮ ಹುಡುಗರು ಚೆಂಡು ಸಿಕ್ಕಿದ ತಕ್ಷಣ ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಎತ್ತಲೋ ಒದೆಯುತ್ತಿದ್ದರು.

ನಾನು ಎಂದಿನಂತೆ ಶನಿವಾರ ಕ್ಯಾಲಮ್‌ವೇಲ್ ಮೈದಾನದಲ್ಲಿ ನನ್ನ ಮೇಜಿನ ಹಿಂದೆ ನಿಂತು ಕಿತ್ತಳೆ ಹೆಚ್ಚುತ್ತಿದ್ದೆ. ನೀನು ಕ್ಲಬ್ ಬಿಟ್ಟ ಮೇಲೂ ನಾನು ಅಲ್ಲಿಗೆ ಯಾಕೆ ಹೋಗುತ್ತೇನೆ ಎಂದು ನೀನು ಒಮ್ಮೆ ಕೇಳಿದ್ದೆ. ನಾನು ಉತ್ತರ ಬರೆದಿರಲಿಲ್ಲ. ಈಗಲೂ ಬರೆಯುವುದಿಲ್ಲ. ಹೋದ ವಾರ ಅರ್ಧ ಪಂದ್ಯ ಮುಗಿದಾಗ ಆ ನಾಲ್ವರಲ್ಲೊಬ್ಬ, ಗ್ರೀಕರ ಹುಡುಗ ಸ್ಟಾವ್ರೋಸ್, ಬಂದು ಕಿತ್ತಳೆ ಹೋಳು ಬಾಯಿಗಿಟ್ಟುಕೊಂಡು ಅಳುವ ಹಾಗಿದ್ದ. ನನಗೆ ತಡೆಯಲಾಗಲಿಲ್ಲ. "ನೀನು ಒಂಟಿ ಆಡು ಕಣಯ್ಯಾ, ಅದಕ್ಕೇ ಹುಲಿ ತಿಂತಿದೆ," ಎಂದುಬಿಟ್ಟೆ, ನನ್ನ ಇಂಗ್ಲಿಷಿನಲ್ಲಿ.

ಅವನು ಕಣ್ಣು ಕಣ್ಣು ಬಿಟ್ಟ. ನಾನು ಸೀಮೆಸುಣ್ಣ ತೆಗೆದು ಮೇಜಿನ ಮೇಲೆ ಆಡು-ಹುಲಿ ಮನೆ ಬರೆದೆ. ನಿನಗೆ ನೆನಪಿರಬೇಕು, ನೀನು ಸಣ್ಣವನಿದ್ದಾಗ ನಿನಗೂ ಹೇಳಿಕೊಟ್ಟಿದ್ದೆ. ನಂಜನಗೂಡಿನ ಹೊಳೆ ಮೆಟ್ಟಿಲ ಮೇಲೆ ಕಲ್ಲಿನಲ್ಲಿ ಕೊರೆದಿದ್ದ ಆಟ. ಹುಲಿ ಮೂರು, ಆಡು ಹದಿನೈದು. ಆಡಿನ ಹಿಂದಿನ ಮನೆ ಖಾಲಿ ಇದ್ದರೆ ಹುಲಿ ಅದರ ಮೇಲೆ ಹಾರಿ ತಿನ್ನುತ್ತದೆ. ಹಿಂದೆ ಇನ್ನೊಂದು ಆಡು ನಿಂತಿದ್ದರೆ ಹಾರುವುದಕ್ಕಾಗುವುದಿಲ್ಲ. ಇಷ್ಟೇ. ಬಿಯರ್ ಬಾಟಲಿ ಮುಚ್ಚಳ ಹುಲಿ, ಕಿತ್ತಳೆ ಬೀಜ ಆಡು. ಎದುರಾಳಿಯ ಡಿಫೆಂಡರ್‌ಗಳೇ ಹುಲಿಗಳು. ಚೆಂಡು ಇರುವವನ ಹಿಂದಿನ ಮನೆ ಎಂದೂ ಖಾಲಿ ಬಿಡಬೇಡಿ ಎಂದು ನಾಲ್ವರನ್ನೂ ಕರೆದು ಹೇಳಿದೆ. ಹುಲಿ ಹಾರಿದರೆ ಅದು ಕೂತಿದ್ದ ಮನೆ ಖಾಲಿಯಾಗುತ್ತದೆ, ಆ ಮನೆಗೆ ನೀವು ಓಡಿ ಎಂದೆ.

ಮೂರು–ಒಂದಕ್ಕೆ ಗೆದ್ದರು. ನಿನ್ನೆ ಮತ್ತೆ ಗೆದ್ದರು. ಕ್ಲಬ್ಬಿನ ಅಧ್ಯಕ್ಷ ಕೆನ್ ಬಂದು, "ಸೀಸನ್ ಮುಗಿಯುವವರೆಗೆ ನೀವೇ ಇವರನ್ನು ನೋಡಿಕೊಳ್ಳಿ, ಹಂಗಾಮಿಯಾಗಿ," ಎಂದ. ಮಂಗಳವಾರ ಮತ್ತು ಗುರುವಾರ ಆರ್ವೋ ಪ್ರಾಕ್ಟೀಸ್ ಅಂತೆ. ಆರ್ವೋ ಎಂದರೆ ಆಫ್ಟರ್‌ನೂನ್, ಈ ಊರಿನವರಿಗೆ ಅದನ್ನು ಪೂರ್ತಿ ಹೇಳುವಷ್ಟೂ ಪುರುಸೊತ್ತಿಲ್ಲ.

ನಿಮ್ಮಪ್ಪನಿಗೆ ಹೇಳಿದೆ. ಪೇಪರಿನ ಹಿಂದಿನಿಂದ "ಹೂಂ" ಎಂದರು. ಅವರೂ ಆ ಕ್ಲಬ್ಬಿನ ಗೌರವ ಡಾಕ್ಟರು, ಕಮಿಟಿಯಲ್ಲಿ ಕೂರುವವರು, ಒಂದು ಮಾತು ಹೆಚ್ಚು ಆಡಬಹುದಿತ್ತು.

ನಿನ್ನ ಟೀಚರ್ಸ್ ಕಾಲೇಜು ಹೇಗಿದೆ? ಚಳಿಗೆ ಸ್ವೆಟರ್ ಹಾಕುತ್ತೀಯಾ?

ಈಗ ತೆಗೆದುಕೋ ಆಶೀರ್ವಾದ, ಎರಡು ಕೈ ತುಂಬ.

ಅಮ್ಮ

---

ಪರ್ತ್
26 ಜೂನ್ 1983

ಅಮ್ಮಾ,

ಪತ್ರ ಬಂತು. ಎರಡು ಸಲ ಓದಿದೆ, ತಮಾಷೆ ಇರಬೇಕು ಎಂದು.

ಬೇಡಮ್ಮಾ. ಕಿತ್ತಳೆ ಹೆಚ್ಚುವಾಗ ಎಲ್ಲರೂ ನಿನ್ನನ್ನು ಪ್ರೀತಿಯಿಂದ ನೋಡುತ್ತಾರೆ. ಕೋಚ್ ಎಂದರೆ ಬೇರೆ. ಒಂದು ಪಂದ್ಯ ಸೋತರೂ "ಸೀರೆ ಉಟ್ಟವಳನ್ನು ತಂದು ನಿಲ್ಲಿಸಿದರೆ ಇನ್ನೇನಾಗುತ್ತೆ" ಎನ್ನುತ್ತಾರೆ. ಆ ಬೇಲಿಯ ಪಕ್ಕ ನಿಂತವರ ಮಾತು ನನ್ನ ಕಿವಿಗೆ ಬಿದ್ದಿದೆ, ನಿನಗೆ ಬಿದ್ದಿಲ್ಲ.

ನಮ್ಮ ಮನೆಯಿಂದ ಒಬ್ಬ ಆ ಮೈದಾನದಲ್ಲಿ ನಗೆಪಾಟಲಾದದ್ದು ಸಾಕು.

ಕಾಲೇಜು ಚೆನ್ನಾಗಿದೆ. ನವೆಂಬರಿನಲ್ಲಿ ಕೊನೆಯ ಪರೀಕ್ಷೆ, ಆಮೇಲೆ ಯಾವುದಾದರೂ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬೇಸಿಗೆಯಲ್ಲಿ ಇಲ್ಲಿ ಸಮುದ್ರದಿಂದ ತಣ್ಣಗೆ ಬೀಸುವ ಗಾಳಿಗೆ ಜನ "ಡಾಕ್ಟರ್" ಎನ್ನುತ್ತಾರೆ. ಅಷ್ಟು ದೂರದಿಂದ ತಪ್ಪಿಸಿಕೊಂಡು ಬಂದರೂ ಇಲ್ಲೂ ಒಬ್ಬರು ಡಾಕ್ಟರ್.

ಅಪ್ಪ "ಹೂಂ" ಎಂದದ್ದು ಬಿಟ್ಟು ಇನ್ನೇನಾದರೂ ಹೇಳಿದರಾ? ಬೇಡ, ಬರೆಯಬೇಡ.

ಸ್ವೆಟರ್ ಹಾಕುತ್ತೇನೆ.

ವೇಣು

---

ಬ್ರಿಸ್ಬೇನ್
10 ಜುಲೈ 1983

ಚಿ. ವೇಣು,

ನಿನ್ನ "ಬೇಡಮ್ಮಾ" ತಲುಪಿತು. ಓದಿ, ಮಡಿಸಿ, ಸಾಸಿವೆ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ನಾನು ಬಿಡುವವಳಲ್ಲ.

ನೀನು ಹೇಳಿದ ಬೇಲಿ ಪಕ್ಕದ ಮಾತು ನನ್ನ ಕಿವಿಗೂ ಬಿತ್ತು. ಒಬ್ಬ ದಪ್ಪ ಮನುಷ್ಯ, "ಇವರ ಫಾರ್ವರ್ಡ್‌ಗಳಿಗೆ ಕರ್ರಿ ಅಡುಗೆ ಮಾಡೋದು ಕಲಿಸ್ತಿದಾರಾ?" ಎಂದು ಕೂಗಿದ. ಹತ್ತು ನಿಮಿಷದಲ್ಲಿ ಅವನ ತಂಡದ ಮೂರು ಹುಲಿಗಳೂ ಸ್ಟಾವ್ರೋಸ್ ಮೇಲೆ ಒಟ್ಟಿಗೆ ಹಾರಿದವು. ಸ್ಟಾವ್ರೋಸ್ ಚೆಂಡನ್ನು ಹಿಂದಿನ ಮನೆಗೆ ತಳ್ಳಿದ, ಹುಲಿ ಬಿಟ್ಟ ಮನೆಗೆ ಇನ್ನೊಬ್ಬ ಓಡಿದ, ಗೋಲು. ನಾನು ಆ ಮನುಷ್ಯನ ಹತ್ತಿರ ಹೋಗಿ ಒಂದು ಹೋಳು ಕಿತ್ತಳೆ ಕೊಟ್ಟು ಬಂದೆ. ತಿಂದ ಪಾಪ.

ಆರು ಪಂದ್ಯದಲ್ಲಿ ಐದು ಗೆದ್ದಿದ್ದೇವೆ.

ಮೊನ್ನೆ ಸುಲೋಚನಾ ಬಂದಿದ್ದಳು, ನಮ್ಮ ಡಾಕ್ಟರ್ ಚಂದ್ರಮೌಳಿ ಹೆಂಡತಿ. ಸನ್ನಿಬ್ಯಾಂಕ್ ಬಡಾವಣೆಯಲ್ಲಿ ತರಕಾರಿ ತರುತ್ತಾ ಹಾಗೇ ಬಂದೆ ಎಂದಳು. ಕಾಫಿ ಲೋಟ ಕೆಳಗಿಡುವ ಮೊದಲೇ ಶುರು.

"ಅಲ್ಲ ರುಕ್ಮಿಣಿ, ಕ್ಯಾನ್ವಾಸ್ ಶೂ ಹಾಕ್ಕೊಂಡು, ಸೀರೆ ಎತ್ತಿ ಸಿಗಿಸ್ಕೊಂಡು ಓಡಾಡ್ತೀಯಂತೆ? ಡಾಕ್ಟರ ಹೆಂಡ್ತಿ ಅಲ್ವೇನೇ ನೀನು?"

"ಡಾಕ್ಟರ ಹೆಂಡ್ತಿಗೆ ಕಾಲಿರಬಾರದಾ?" ಎಂದೆ.

"ನಾಳೆ ಅವರು ಸರಿಯಾದ ಕೋಚ್ ಕರ್ಕೊಂಡು ಬಂದು ನಿನ್ನ ಕಳಿಸಿದ್ರೆ? ಮರ್ಯಾದೆ ಪ್ರಶ್ನೆ ಕಣೇ."

ಅವಳ ಈ ಮಾತಿನಲ್ಲಿ ನಿಜವಿದೆ. ಅಡಿಲೇಡಿನಿಂದ ಗ್ರಹಾಂ ಎಂಬುವನು ಅರ್ಜಿ ಹಾಕಿದ್ದಾನೆ. ಕೋಚಿಂಗ್ ಸರ್ಟಿಫಿಕೇಟ್ ಇದೆಯಂತೆ. ಸೆಪ್ಟೆಂಬರ್ ಮೊದಲ ಗುರುವಾರ ಕಮಿಟಿ ಸೇರಿ, ಮುಂದಿನ ವರ್ಷಕ್ಕೆ ಅವನೋ ನಾನೋ ಎಂದು ಗೊತ್ತು ಮಾಡುತ್ತದೆ. ಏಳು ಜನರ ಕಮಿಟಿ. ಮೂವರು ನನ್ನ ಕಡೆ ಇದ್ದಾರೆ ಎಂದು ಕೆನ್ ಹೇಳಿದ. ನಾಲ್ಕನೆಯ ಕೈ ಬೇಕು, ಅದು ನಮ್ಮ ಮನೆಯಲ್ಲೇ ಇದೆ. ಹಾಗಾಗಿ ನನಗೆ ಚಿಂತೆಯಿಲ್ಲ.

ನನಗೆ ಈ ಕೆಲಸ ಬೇಕು ವೇಣು. ಹದಿಮೂರು ವರ್ಷದಿಂದ ಈ ದೇಶದಲ್ಲಿ ನಾನು ಯಾರದೋ ಹೆಂಡತಿ, ಯಾರದೋ ತಾಯಿ. ತಪ್ಪಲ್ಲ, ಆದರೆ ಮಂಗಳವಾರ ಮೈದಾನಕ್ಕೆ ಹೋದಾಗ ನಾಲ್ಕು ಜನ ನನ್ನನ್ನು ಮಿಸೆಸ್ ಆರ್ ಎಂದು ಕೂಗಿ ನಾನು ಏನು ಹೇಳುತ್ತೇನೋ ಎಂದು ಕಾಯುತ್ತಾರೆ. ಅದು ನನಗೆ ಬೇಕು.

ನೀನು ಆ ಮೈದಾನದಲ್ಲಿ ನಗೆಪಾಟಲಾದೆ ಎಂದು ಬರೆದಿದ್ದೀ. ನಾನು ಪ್ರತಿ ಶನಿವಾರ ಅಲ್ಲೇ ಇದ್ದೆ. ಯಾರೂ ನಗಲಿಲ್ಲ. ನೀನು ಆಡುವುದನ್ನೇ ಯಾಕೆ ಬಿಟ್ಟೆ?

ನಿನ್ನ
ಅಮ್ಮ

---

ಅಡಿಲೇಡ್
14 ಆಗಸ್ಟ್ 1983

ಅಮ್ಮಾ,

ವಿಳಾಸ ನೋಡಿ ಗಾಬರಿಯಾಗಬೇಡ. ಕಾಲೇಜಿನಿಂದ ಎರಡು ವಾರದ ತರಬೇತಿಗೆ ಅಡಿಲೇಡಿಗೆ ಕಳಿಸಿದ್ದಾರೆ. ರೈಲಿನಲ್ಲಿ ಬಂದೆ. ಎರಡು ಹಗಲು ಕಿಟಕಿಯಾಚೆ ಒಂದು ಮರವೂ ಇರಲಿಲ್ಲ, ಯೋಚಿಸುವುದಕ್ಕೆ ಬೇಕಾದಷ್ಟು ಹೊತ್ತು ಸಿಕ್ಕಿತು.

ನಿನ್ನೆ ನಿನ್ನ ಗ್ರಹಾಂ ಕೋಚ್ ಮಾಡುವ ಪಂದ್ಯ ನೋಡಿಬಂದೆ. ಯಾಕೆ ಹೋದೆ ಎಂದು ಕೇಳಬೇಡ. ಕೆಟ್ಟವನಾಗಿದ್ದರೆ ಚೆನ್ನಾಗಿತ್ತು, ನಿನಗೆ ಬರೆದು ಸಂತೋಷಪಡಬಹುದಿತ್ತು. ಆದರೆ ಒಳ್ಳೆಯ ಮನುಷ್ಯ. ಆಟ ಬಲ್ಲವನು. ಎಲ್ಲವನ್ನೂ ಕಾಗದದ ಮೇಲೆ ಬರೆದು ತಂದಿರುತ್ತಾನೆ, ಶಿಳ್ಳೆ ಹಾಕಿ ಕೈ ತೋರಿಸುತ್ತಾನೆ. ಒಂದೇ ಒಂದು ವಿಷಯ: ಅವನ ಹುಡುಗರು ಚೆಂಡು ಒದೆಯುವ ಮೊದಲು ಅವನ ಮುಖ ನೋಡುತ್ತಾರೆ. ನೀನು ಬರೆದದ್ದನ್ನು ಓದಿದರೆ ಸ್ಟಾವ್ರೋಸ್ ಈಗ ಮೈದಾನ ನೋಡುತ್ತಾನೆ, ನಿನ್ನನ್ನಲ್ಲ. ಇಬ್ಬರಲ್ಲಿ ಒಬ್ಬರನ್ನು ಆರಿಸು ಎಂದರೆ ನಾನು ನಿನ್ನನ್ನೇ ಇಟ್ಟುಕೊಳ್ಳುತ್ತೇನೆ. ಮಗ ಎಂದಲ್ಲ, ಆಡಿದವನು ಎಂದು ಹೇಳುತ್ತಿದ್ದೇನೆ.

ನಿನ್ನ ಪ್ರಶ್ನೆಗೆ ಉತ್ತರ. ನಕ್ಕದ್ದು ಮೈದಾನದಲ್ಲಲ್ಲ. ಚಂದ್ರಮೌಳಿ ಅಂಕಲ್ ಮನೆಯಲ್ಲಿ ಊಟ, 1980ರ ದೀಪಾವಳಿ. ಆ ವರ್ಷದ ಫೈನಲ್‌ನಲ್ಲಿ ನಾನು ಎರಡು ಗೋಲು ಹೊಡೆದಿದ್ದೆ. ಅಂಕಲ್, "ಏನಯ್ಯಾ ರಾಜಗೋಪಾಲ, ಮಗ ಭಾರಿ ಆಡ್ತಾನಂತೆ," ಎಂದರು. ಅಪ್ಪ ಹಪ್ಪಳ ಮುರಿಯುತ್ತಾ, "ಏನು ಆಟವೋ! ಎರಡು ಸಲ ಕಾಲಿಗೆ ತಾನಾಗೇ ಬಂದು ತಗಲಿತು. ಓದೋದಕ್ಕೂ ಬರಲ್ಲ, ಆಡೋದಕ್ಕೂ ಬರಲ್ಲ, ಇವನು ಯಾತಕ್ಕೂ ಆಗೋನಲ್ಲ," ಎಂದರು. ಮೇಜಿನ ಸುತ್ತ ಹದಿನಾಲ್ಕು ಜನ ಇದ್ದರು. ಎಲ್ಲರೂ ನಕ್ಕರು. ಪಾಯಸ ಬಡಿಸುತ್ತಿದ್ದ ನೀನೂ ನಕ್ಕೆ.

ಸೇಂಟ್ ಲೂಸಿಯಾ ಕ್ಯಾಂಪಸ್ಸಿನಲ್ಲಿ ಮೆಡಿಕಲ್ ಓದುವುದು ಹೇಗೂ ನನಗೆ ಕಷ್ಟವಾಗಿತ್ತು. ಆಟವೂ ಅಷ್ಟೇ ಎಂದು ಅಪ್ಪನೇ ಹೇಳಿದ ಮೇಲೆ ಬ್ರಿಸ್ಬೇನಿನಲ್ಲಿ ನನಗೆ ಏನು ಉಳಿದಿತ್ತು?

ನಾಲ್ಕನೆಯ ಕೈಯನ್ನು ಅಷ್ಟು ನೆಚ್ಚಬೇಡಮ್ಮಾ.

ವೇಣು

---

ಬ್ರಿಸ್ಬೇನ್
4 ಸೆಪ್ಟೆಂಬರ್ 1983

ವೇಣು,

ಸೋತೆ. ಪಂದ್ಯದಲ್ಲಲ್ಲ. ಹದಿಮೂರು ಪಂದ್ಯ, ಮೂವತ್ತೊಂದು ಗೋಲು, ತಂಡ ಮೇಲಿನ ಡಿವಿಷನ್ನಿಗೆ ಹೋಗಿದೆ. ಸೋತದ್ದು ಗುರುವಾರದ ಕಮಿಟಿಯಲ್ಲಿ.

ಹೇಗೆ ಎಂದು ಕೇಳು. ಆರು ಜನ ಕೈ ಎತ್ತಿದರು, ಮೂರು–ಮೂರು. ಉಳಿದವರು ನಿಮ್ಮಪ್ಪ. ಕೆನ್ ಅವರ ಕಡೆ ತಿರುಗಿ, "ಡಾಕ್ಟರ್, ಆಕೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ನೀವು. ನಿಜವಾಗಿ ಆಟ ಗೊತ್ತಾ ಆಕೆಗೆ?" ಎಂದು ಕೇಳಿದ. ಉತ್ತರ ಮಿನಿಟ್ಸ್‌ನಲ್ಲಿ ಟೈಪ್ ಆಗಿ ಮನೆಗೇ ಬಂತು. ಅದು ಇಂಗ್ಲಿಷಿನಲ್ಲಿದೆ, ನಾನು ಕನ್ನಡದಲ್ಲಿ ಬರೆಯುತ್ತೇನೆ: "ಡಾಕ್ಟರರು ಹೇಳಿದ್ದು. ಆಕೆ ಬರೀ ಗೃಹಿಣಿ. ಆಕೆಗೆ ಫುಟ್ಬಾಲ್ ಏನೂ ಗೊತ್ತಿಲ್ಲ. ಗೆದ್ದದ್ದು ಅದೃಷ್ಟ. ಸ್ವಂತ ಹೆಂಡತಿಯಾದ್ದರಿಂದ ತಾವು ಮತ ಹಾಕುವುದಿಲ್ಲ." ಇದನ್ನು ಕೇಳಿ ನನ್ನ ಕಡೆ ಇದ್ದ ಕಾರ್ಯದರ್ಶಿ ಮೊಯ್ರಾ ಕೈ ಬದಲಾಯಿಸಿದಳು. ಎರಡು–ನಾಲ್ಕು. ಗ್ರಹಾಂಗೆ ಕಾಗದ ಬರೆಯಲು ತೀರ್ಮಾನ.

ಬಿಸಿಬೇಳೆಬಾತ್ ಬಡಿಸಿ, ಆ ಹಾಳೆಯನ್ನು ಅವರ ತಟ್ಟೆಯ ಪಕ್ಕದಲ್ಲಿಟ್ಟೆ.

"ಇದೇನ್ರೀ?" ಎಂದೆ.

ಓದಿದರು. "ಸರಿಯಾಗೇ ಇದೆಯಲ್ಲ. ಸ್ಪೆಲ್ಲಿಂಗ್ ಕೂಡ ತಪ್ಪಿಲ್ಲ."

"ನನಗೇನೂ ಗೊತ್ತಿಲ್ಲ ಅಂದ್ರಾ?"

"ಮತ್ತಿನ್ನೇನು ಅನ್ಬೇಕಿತ್ತು? ನನ್ನ ಹೆಂಡ್ತಿ ಮಹಾ ಬುದ್ಧಿವಂತೆ ಅಂತ ಡಂಗುರ ಹೊಡೀಬೇಕಿತ್ತಾ? ನಾವು ಹಾಗನ್ನಬೇಕು ಕಣೇ. ಅವರು 'ಛೆ ಛೆ, ಎಲ್ಲಾದ್ರೂ ಉಂಟೇ ಡಾಕ್ಟ್ರೇ, ಆಕೆ ಎಷ್ಟು ಚೆನ್ನಾಗಿ ಮಾಡ್ತಾರೆ' ಅನ್ನಬೇಕು. ಅದು ಕ್ರಮ."

"ಅಂದ್ರಾ?"

ತಟ್ಟೆ ನೋಡುತ್ತಾ ಮೆಲ್ಲಗೆ ಹೇಳಿದರು: "ಬರ್ಕೊಂಡ್ರು."

ಅವರಿಗೆ ಕೆಟ್ಟ ಮನಸ್ಸಿರಲಿಲ್ಲ ವೇಣು. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಕೆಟ್ಟ ಮನಸ್ಸಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಸಭ್ಯವಾಗಿ ನಡೆದುಕೊಂಡೆ ಎಂದು ಹೆಮ್ಮೆಯಿಂದ ಮನೆಗೆ ಬಂದಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮವರು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ, ಗಿಡವೇ ಇಲ್ಲ ಎಂದು ಬೀದಿಯಲ್ಲಿ ಸಾರಿ ಬರುತ್ತಾರೆ. ನಮ್ಮ ಊರಲ್ಲಿ ಕೇಳುವವರಿಗೂ ಆ ಲೆಕ್ಕ ಗೊತ್ತಿರುತ್ತದೆ. ಇಲ್ಲಿಯವರು ಹೇಳಿದ್ದನ್ನು ಹೇಳಿದ ಹಾಗೇ ನಂಬುತ್ತಾರೆ.

ನೀನು ಹತ್ತು ವರ್ಷದವನಾಗಿ ಈ ದೇಶಕ್ಕೆ ಬಂದೆ. ನೀನೂ ಇಲ್ಲಿಯವರ ಹಾಗೆ ನಂಬಿದೆ. ಆ ದಿನ ನಾನು ನಕ್ಕದ್ದು ನಿನ್ನನ್ನಲ್ಲ. ದೊಡ್ಡವರು ಹಾಗೆ ಹೇಳಿದಾಗ ನಗಬೇಕು ಎಂದು ನಕ್ಕೆ. ನಿನ್ನ ಮುಖ ನೋಡಬೇಕಿತ್ತು, ನೋಡಲಿಲ್ಲ. ಅದು ನನ್ನ ತಪ್ಪು, ಯಾವ ಸಮಜಾಯಿಷಿಯೂ ಇಲ್ಲ. ನಿನ್ನ ಆ ಪತ್ರ ಬಂದಾಗಿನಿಂದ ನಾನು ಸರಿಯಾಗಿ ಉಂಡಿಲ್ಲ.

ಆದರೆ ಅಳುತ್ತಾ ಕೂರುವವಳು ಎಂದುಕೊಳ್ಳಬೇಡ. ಕ್ಲಬ್ಬಿನ ನಿಯಮಾವಳಿ ತರಿಸಿಕೊಂಡು ಓದಿದೆ. ಇಪ್ಪತ್ತು ಸದಸ್ಯರು ಸಹಿ ಹಾಕಿದರೆ ಸರ್ವಸದಸ್ಯರ ಸಭೆ ಕರೆಯಲೇಬೇಕು, ಕಮಿಟಿಯ ತೀರ್ಮಾನವನ್ನು ಅಲ್ಲಿ ಬದಲಾಯಿಸಬಹುದು. ಸ್ಟಾವ್ರೋಸ್ ಕಾಗದ ಹಿಡಿದು ಮನೆಮನೆಗೆ ಹೊರಟಿದ್ದಾನೆ. ಸಹಿ ಸಿಕ್ಕರೆ ಇಪ್ಪತ್ತನಾಲ್ಕರ ಶನಿವಾರ ಸಭೆ. ಅಲ್ಲಿ ನಾನೇ ಮಾತಾಡುತ್ತೇನೆ.

ಒಂದೇ ತೊಂದರೆ. ಏನು ಮಾತಾಡಬೇಕು ಎಂದು ಕನ್ನಡಿ ಮುಂದೆ ನಿಂತು ಪ್ರಯತ್ನಿಸಿದೆ. "ನನಗೆ ಹೆಚ್ಚೇನೂ ಗೊತ್ತಿಲ್ಲ, ಆದರೂ" ಎಂದೇ ಬಾಯಿ ಶುರು ಮಾಡುತ್ತದೆ.

ಅಮ್ಮ

---

ಪರ್ತ್
12 ಸೆಪ್ಟೆಂಬರ್ 1983

ಅಮ್ಮಾ,

ಇದರೊಳಗೆ ಒಂದು ಚೀಟಿ ಇದೆ. ನನ್ನ ಸಹಿ. ಕ್ಲಬ್ ಬಿಟ್ಟರೂ ಸದಸ್ಯತ್ವ ಬಿಟ್ಟಿಲ್ಲ, ಪ್ರತಿ ವರ್ಷ ಇಲ್ಲಿಂದಲೇ ಚಂದಾ ಕಟ್ಟುತ್ತಿದ್ದೇನೆ. ಯಾಕೆ ಎಂದು ನೀನೂ ಕೇಳಬೇಡ. ಇಪ್ಪತ್ತು ಸಹಿ ಆಗಲೇ ಸಿಕ್ಕಿದ್ದರೆ ನನ್ನದು ಇಪ್ಪತ್ತೊಂದು.

ನಿನ್ನ ತೊಂದರೆಗೆ ಔಷಧಿ ಹೇಳುತ್ತೇನೆ, ನಾನೂ ಡಾಕ್ಟರ ಮಗನೇ. "ಆದರೂ" ಎಂಬ ಪದ ಬಾಯಿಗೆ ಬಂದರೆ ನಿಲ್ಲಿಸು. ನೀರು ಕುಡಿ. ಮೊದಲಿನಿಂದ ಶುರು ಮಾಡು. "ನಾನು ಚೆನ್ನಾಗಿ ಕಲಿಸುತ್ತೇನೆ." ಇದನ್ನು ಪಾತ್ರೆ ತೊಳೆಯುವಾಗ ಜೋರಾಗಿ ಹೇಳಿ ಅಭ್ಯಾಸ ಮಾಡು. ಅಪ್ಪನ ಕಿವಿಗೆ ಬಿದ್ದರೆ ಬೀಳಲಿ.

ನೀನು ನಕ್ಕದ್ದರ ಬಗ್ಗೆ ಬರೆದದ್ದನ್ನು ಓದಿದೆ. ನನಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಭಾನುವಾರ ನದಿಯ ಪಕ್ಕದ ಹುಲ್ಲಿನಲ್ಲಿ ಯಾರೋ ಹುಡುಗರು ಆಡುತ್ತಿದ್ದರು, ಚೆಂಡು ನನ್ನ ಹತ್ತಿರ ಉರುಳಿ ಬಂತು, ಒದ್ದೆ. ಚೆನ್ನಾಗಿ ಹೋಯಿತು.

ಉಣ್ಣು.

ವೇಣು

---

ಬ್ರಿಸ್ಬೇನ್
25 ಸೆಪ್ಟೆಂಬರ್ 1983

ಚಿ. ವೇಣು,

ಮೈಸೂರು ರೇಷ್ಮೆ ಸೀರೆ ಉಟ್ಟೆ, ಹಸಿರು. ಕೆಳಗೆ ಅದೇ ಕ್ಯಾನ್ವಾಸ್ ಶೂ. ಯಾರಿಗೆ ಏನು ಅನ್ನಿಸುತ್ತದೋ ಅನ್ನಿಸಲಿ ಎಂದು ಕ್ಲಬ್ಬಿನ ತಗಡು ಶೆಡ್ಡಿಗೆ ಹೋದೆ. ಅರವತ್ತಕ್ಕೂ ಹೆಚ್ಚು ಜನ. ನಿಮ್ಮಪ್ಪ ನನಗಿಂತ ಮೊದಲೇ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಒಟ್ಟಿಗೆ ಬರಲಿಲ್ಲ ನಾವು.

ಕೆನ್ ಕರೆದ. ನಿಂತೆ. "ನನಗೆ ಹೆಚ್ಚೇನೂ" ಎಂದು ಬಾಯಿಯವರೆಗೆ ಬಂತು. ನೀರು ಕುಡಿದೆ. ಆಮೇಲೆ ಹೇಳಿದೆ:

"ನನ್ನ ಹೆಸರು ರುಕ್ಮಿಣಿ. ನಾನು ಬರುವ ಮೊದಲು ಎಂಟು ಪಂದ್ಯದಲ್ಲಿ ಮೂರು ಗೋಲು. ಬಂದ ಮೇಲೆ ಹದಿಮೂರು ಪಂದ್ಯದಲ್ಲಿ ಮೂವತ್ತೊಂದು. ಅದೃಷ್ಟ ಒಂದು ಶನಿವಾರ ಬರುತ್ತದೆ, ಹದಿಮೂರು ಶನಿವಾರ ಬರುವುದಿಲ್ಲ. ನನಗೆ ಈ ಆಟ ಗೊತ್ತು. ಹತ್ತು ವರ್ಷ ಕಿತ್ತಳೆ ಹೆಚ್ಚುತ್ತಾ ನಿಮ್ಮೆಲ್ಲರಿಗಿಂತ ಹೆಚ್ಚು ಪಂದ್ಯ ನೋಡಿದ್ದೇನೆ. ನಾನು ಚೆನ್ನಾಗಿ ಕಲಿಸುತ್ತೇನೆ. ನನ್ನ ಗಂಡ ನಿಮಗೆ ಹೇಳಿದ್ದು ಸುಳ್ಳು. ನಮ್ಮ ಊರಲ್ಲಿ ಸ್ವಂತದವರ ಬಗ್ಗೆ ಹಾಗೆ ಹೇಳುವುದಕ್ಕೆ ಮರ್ಯಾದೆ ಎನ್ನುತ್ತಾರೆ. ನನಗೆ ಆ ಮರ್ಯಾದೆ ಬೇಡ, ಕೆಲಸ ಬೇಕು."

ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ನನ್ನನ್ನು ನಾನೇ ಹೊಗಳಿಕೊಂಡೆ. ನನ್ನ ಸೋದರತ್ತೆ ಬದುಕಿದ್ದಿದ್ದರೆ ಬಾಯಿಗೆ ಬರೆ ಹಾಕುತ್ತಿದ್ದಳು. ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ಮೊಯ್ರಾ ಎದ್ದು, "ಇದನ್ನು ಮೊದಲೇ ಯಾರಾದರೂ ಹೇಳಬೇಕಿತ್ತು," ಎಂದಳು.

ಕೈ ಎತ್ತಿಸಿದರು. ನನ್ನ ಕಡೆ ಮೂವತ್ತನಾಲ್ಕು, ಗ್ರಹಾಂ ಕಡೆ ಇಪ್ಪತ್ತೊಂಬತ್ತು. ಚಪ್ಪಾಳೆ ಮುಗಿದ ಮೇಲೆ ಕೆನ್, "ಹಾಗಾದರೆ ಇನ್ನೊಂದು ವರ್ಷ ಹಂಗಾಮಿಯಾಗಿ ಮುಂದುವರಿಯಲಿ," ಎಂದ.

"ಆ ಪದ ತೆಗೆಯಿರಿ," ಎಂದೆ.

"ಯಾವ ಪದ, ಮಿಸೆಸ್ ಆರ್?"

"ಹಂಗಾಮಿ. ಅದು ಇದ್ದರೆ ನಾನಿಲ್ಲ. ನಿಮ್ಮ ಕಿತ್ತಳೆಯನ್ನೂ ನೀವೇ ಹೆಚ್ಚಿಕೊಳ್ಳಿ."

ತೆಗೆದರು. ಮೊಯ್ರಾ ನನ್ನೆದುರಿಗೇ ಪೆನ್ನಿನಿಂದ ಹೊಡೆದುಹಾಕಿದಳು.

ನಿಮ್ಮಪ್ಪ ಯಾವುದಕ್ಕೆ ಕೈ ಎತ್ತಿದರೋ ನಾನು ತಿರುಗಿ ನೋಡಲಿಲ್ಲ. ವಾಪಸ್ ಅವರ ಕಾರಿನಲ್ಲೇ ಬಂದೆ. ಮನೆ ತಲುಪಿ ಬಾಗಿಲು ತೆಗೆಯುವಾಗ ನಾನೇ ಕೇಳಿದೆ: "ನನ್ನ ವಿಷಯ ಸರಿ. ನಾನು ಎದ್ದು ನಿಂತು ಹೇಳಿಕೊಂಡೆ. ಮಗನ ವಿಷಯ ಯಾರು ಹೇಳ್ತಾರೆ?" ನಿನ್ನ ಅಡಿಲೇಡಿನ ಪತ್ರವನ್ನು ಅವರ ಕೈಗೆ ಕೊಟ್ಟೆ. ಕೇಳದೆ ಕೊಟ್ಟೆ, ಬೈಯುವುದಾದರೆ ಬೈಯಿ.

ಕೋಚ್
ರುಕ್ಮಿಣಿ

---

ಬ್ರಿಸ್ಬೇನ್
9 ಅಕ್ಟೋಬರ್ 1983

ಚಿರಂಜೀವಿ ವೇಣುಗೋಪಾಲನಿಗೆ,

ನಿನ್ನ ತಂದೆ ರಾಜಗೋಪಾಲ ಬರೆಯುವುದು. ನೀನು ಮನೆ ಬಿಟ್ಟ ಎರಡು ವರ್ಷ ಎಂಟು ತಿಂಗಳ ನಂತರ ಬರೆಯುತ್ತಿದ್ದೇನೆ, ಹಾಗಾಗಿ ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಪ್ರಿಸ್ಕ್ರಿಪ್ಷನ್ ಬರೆದು ಬರೆದು ಕನ್ನಡ ಬರೆಯುವ ಅಭ್ಯಾಸ ತಪ್ಪಿದೆ.

ನಿನ್ನ ಪತ್ರ ಓದಿದೆ. ನೀನು ಬರೆದ ದೀಪಾವಳಿಯ ಊಟ ನನಗೆ ನೆನಪೇ ಇರಲಿಲ್ಲ. ಅದು ನನಗೆ ನಾಚಿಕೆಯ ವಿಷಯ. ಹಪ್ಪಳ ಮುರಿಯುತ್ತಾ ಆಡಿದ ಮಾತು ನಾನು ಮರೆತೆ, ನೀನು ಹೊತ್ತುಕೊಂಡು ಪರ್ತ್‌ವರೆಗೆ ಹೋದೆ.

ಶನಿವಾರ ಒಂದು ಗಂಟೆಗೆ ನನ್ನ ಕ್ಲಿನಿಕ್ ಮುಗಿಯುತ್ತಿತ್ತು. ನಾನು ನಿನ್ನ ಪಂದ್ಯಕ್ಕೆ ಬರುವುದಿಲ್ಲ ಎಂದು ನೀನು ತಿಳಿದಿದ್ದೆ. ಮೈದಾನದ ಆಚೆ ಬದಿಯಲ್ಲಿ, ಕುದುರೆ ಮೇಯುವ ಬೇಲಿಯ ಹತ್ತಿರ ಕಾರು ನಿಲ್ಲಿಸಿ ಒಳಗೇ ಕೂತು ನೋಡುತ್ತಿದ್ದೆ. 1979ರ ಜುಲೈನಲ್ಲಿ ಒಂದು ಪಂದ್ಯ. ನೀನು ಎಡಗಾಲಿನಿಂದ ಚೆಂಡು ನಿಲ್ಲಿಸಿದೆ, ಬಲಗಡೆ ಹೋಗುವವನ ಹಾಗೆ ಭುಜ ತಿರುಗಿಸಿದೆ, ಇಬ್ಬರು ಆ ಕಡೆ ಹೋದರು, ನೀನು ಈ ಕಡೆಯಿಂದ ಹೊಡೆದೆ. ಗೋಲ್‌ಕೀಪರ್ ಅಲ್ಲಾಡಲಿಲ್ಲ. ನಾನು ಕಾರಿನ ಹಾರ್ನ್ ಹೊಡೆದೆ. ಯಾರದೋ ಕುದುರೆ ಬೆದರಿ ಓಡಿತು. ಮನೆಗೆ ಬಂದು ನಿನಗೆ ಒಂದು ಮಾತೂ ಹೇಳಲಿಲ್ಲ.

ಮಕ್ಕಳನ್ನು ಹೊಗಳಿದರೆ ದೃಷ್ಟಿಯಾಗುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ನಾನು ಡಾಕ್ಟರು, ಅಂಥದ್ದನ್ನು ನಂಬುವವನಲ್ಲ. ಆದರೆ ನನ್ನ ನಾಲಿಗೆ ನಂಬಿತ್ತು ಎಂದು ಕಾಣುತ್ತದೆ.

ನಿಮ್ಮಮ್ಮನ ಸಭೆಯಲ್ಲಿ ನಾನು ಕೈ ಎತ್ತಿದೆ, ಅವಳ ಪರವಾಗಿ. ಆದರೆ ಕೊನೆಯ ಬೆಂಚಿನಲ್ಲಿ ಕೂತು ಕೈ ಎತ್ತುವುದು ಸುಲಭ. ನಿನ್ನೆ ಚಂದ್ರಮೌಳಿಯ ಮನೆಯಲ್ಲಿ ಊಟವಿತ್ತು. ಅದೇ ಮೇಜು, ಹೆಚ್ಚುಕಡಿಮೆ ಅದೇ ಜನ. ಸಾರು ಬಡಿಸುವ ಹೊತ್ತಿಗೆ ನಾನು ಎದ್ದು ನಿಂತು ಹೇಳಿದೆ: "ಮೂರು ವರ್ಷದ ಹಿಂದೆ ಇಲ್ಲಿ ಕೂತು ನನ್ನ ಮಗ ಯಾತಕ್ಕೂ ಆಗೋನಲ್ಲ ಅಂದೆ. ಅದು ಸುಳ್ಳು. ಅವನಷ್ಟು ಚೆನ್ನಾಗಿ ಆಡೋರನ್ನ ನಾನು ನೋಡಿಲ್ಲ. ಈಗ ಗಣಿತದ ಮೇಷ್ಟ್ರಾಗ್ತಿದಾನೆ, ಅದನ್ನೂ ಚೆನ್ನಾಗಿ ಮಾಡ್ತಾನೆ. ನನ್ನ ಹೆಂಡ್ತಿ ಫುಟ್ಬಾಲ್ ಕೋಚು, ಅವಳ ಹಾಗೆ ಕಲಿಸೋರು ಈ ಊರಲ್ಲಿಲ್ಲ." ಸುಲೋಚನಾ ಸೌಟು ಹಿಡಿದುಕೊಂಡು ಹಾಗೇ ನಿಂತಳು. ಚಂದ್ರಮೌಳಿ, "ಏನಯ್ಯಾ, ಹುಷಾರಾಗಿದೀಯ ತಾನೆ?" ಎಂದು ನನ್ನ ನಾಡಿ ಹಿಡಿದ. ಎಪ್ಪತ್ತೆರಡಿತ್ತು.

ನೀನು ಮನೆಗೆ ಬರಬೇಕು ಎಂದು ನಾನು ಕೇಳುವುದಿಲ್ಲ, ಅದು ನಿನ್ನ ಇಷ್ಟ. ಹೊಸ ಸೀಸನ್ ಮಾರ್ಚಿನಲ್ಲಿ ಶುರು ಎಂದು ನಿಮ್ಮಮ್ಮ ಹೇಳುತ್ತಾಳೆ. ಮುಂದಿನ ಸಾಲಿಗೆ ಒಬ್ಬ ಬೇಕಂತೆ. ಈ ಸಲ ನಾನು ಕಾರು ಈಚೆ ಬದಿಯಲ್ಲಿ ನಿಲ್ಲಿಸುತ್ತೇನೆ.

ನಾನು ಬರೆಯುತ್ತಿರುವಾಗ ಅವಳು ಹೆಗಲ ಹಿಂದೆ ನಿಂತು ಓದುತ್ತಿದ್ದಾಳೆ. "ಏನೋ ತೋಚಿದ ಹಾಗೆ ಗೀಚಿದೀನಿ, ಅಂಥಾದ್ದೇನೂ ಇಲ್ಲ," ಎಂದೆ. "ಮತ್ತೆ ಶುರು ಮಾಡಿದ್ರಾ?" ಎಂದಳು.

ಆದ್ದರಿಂದ ತಿದ್ದಿ ಬರೆಯುತ್ತಿದ್ದೇನೆ. ಈ ಪತ್ರವನ್ನು ನಾನು ಚೆನ್ನಾಗಿ ಬರೆದಿದ್ದೇನೆ.

ನಿನ್ನ ತಂದೆ
ರಾಜಗೋಪಾಲ